ತಗಡಿನ ಕೆಳಗಿನ ಮಧ್ಯಾಹ್ನ

"ನಿಮ್ಮ ಫ್ಯಾನ್ ಸುಟ್ಟಿಲ್ಲ ಕಣ್ರೀ. ಓಡಿಸಿ ಓಡಿಸಿ ಅದಕ್ಕೇ ಸುಸ್ತಾಗಿದೆ."

ಪಕ್ಕದ ಮೋಟಾರ್ ರಿಪೇರಿ ಅಂಗಡಿಯವನು ಫ್ಯಾನನ್ನು ಹೊಲಿಗೆ ಯಂತ್ರದ ಬಳಿ ಇಟ್ಟು ನಕ್ಕ. ಅವಳು ಸೂಜಿಗೆ ದಾರ ಪೋಣಿಸುವ ನೆಪದಲ್ಲಿ ತಲೆ ತಗ್ಗಿಸಿದಳು. ದಾರ ಎಲ್ಲೋ, ಸೂಜಿಯ ಕಣ್ಣೆಲ್ಲೋ.

ಅವನ ಅಕ್ಕ ಬಂದು ಮದುವೆಯ ಮಾತೆತ್ತಿ ವಾರವಾಗಿತ್ತು. ಅವಳ ಅಮ್ಮ "ಅವಳನ್ನೇ ಕೇಳಿ" ಎಂದು ಕೈ ತೊಳೆದುಕೊಂಡಿದ್ದಳು. ಅವಳ ಬಾಯಿಂದ ಮಾತ್ರ ಉತ್ತರ ಹೊರಟಿರಲಿಲ್ಲ. ಇಷ್ಟವಿಲ್ಲವೆಂದಲ್ಲ. ಅವನ ಸೈಕಲ್ ಬೆಲ್ ಕೇಳಿದರೆ ಎದೆ ಬಡಿದುಕೊಳ್ಳುತ್ತಿತ್ತು. ಹೊರಗಿನ ಬಿಸಿಲು ಕಂಡರೂ ಬಡಿದುಕೊಳ್ಳುತ್ತಿತ್ತು, ಅದು ಬೇರೆ ಥರ. ಬೀದಿ ಬಿಕೋ ಎನ್ನುತ್ತಿತ್ತು. ಎದುರು ಗೋಡೆಯ ಬಳ್ಳಿ ಮುಟ್ಟಿದರೆ ಪುಡಿಯಾಗುವಂತಿತ್ತು.

"ಯಾಕ್ರೀ ಉತ್ತರ ಇಲ್ಲ? ನನ್ನ ಮೂತಿ ಸರಿಯಿಲ್ವಾ?"

"ಹಾಗಲ್ಲ... ಹೆದರಿಕೆ. ವರ್ಷ ವರ್ಷ ಬಿಸಿಲು ಏರ್ತಾನೇ ಇದೆ. ನಾಳೆ ಮಗು ಹುಟ್ಟಿದ್ರೆ ಅದು ಎಲ್ಲಿ ಆಡಬೇಕು?"

ಅಂದವಳೇ ನಾಲಿಗೆ ಕಚ್ಚಿಕೊಂಡಳು.

"ಅಬ್ಬಾ! ಇನ್ನೂ ಹೂಂ ಅಂದಿಲ್ಲ, ಆಗಲೇ ಮಗೂನ ಆಟಕ್ಕೆ ಬಿಟ್ರಾ?" ಅವನ ಓರೆನೋಟ ಅವಳ ಮುಖವನ್ನು ಕಿವಿಯವರೆಗೂ ಕೆಂಪೇರಿಸಿತು. "ನಾನಂತೂ ಇದನ್ನೆಲ್ಲ ನಂಬಲ್ಲ. ಬಿಸಿಲು ಮೊದಲೂ ಇತ್ತು, ಈಗಲೂ ಇದೆ."

ಅವಳಿಗೆ ರೇಗಿತು. "ನಂಬದೋರು ನೀವು, ಬಟ್ಟೆ ಚೀಲ ಇಲ್ದೆ ಅಂಗಡಿಗೆ ಹೋಗಲ್ಲ. ಸೈಕಲ್ ಬಿಟ್ಟಿಳಿಯಲ್ಲ. ಬಿಸಾಕಿದ ಮಿಕ್ಸಿಗೂ ಜೀವ ಕೊಡ್ತೀರಿ. ನಂಬೋಳು ನಾನು, ದಿನಾ ಪ್ಲಾಸ್ಟಿಕ್ ಕವರಲ್ಲೇ ತರಕಾರಿ ತರ್ತೀನಿ. ಇದೇನ್ರೀ ನ್ಯಾಯ?"

ಅಷ್ಟುದ್ದ ಮಾತನ್ನು ಅವಳು ಯಾರೆದುರೂ ಆಡಿದವಳಲ್ಲ. ಅವನು ಜೋರಾಗಿ ನಕ್ಕ. ನಗು ಅರ್ಧಕ್ಕೇ ನಿಂತಿತು. ಬಾಗಿಲ ಚೌಕಟ್ಟು ಹಿಡಿದು ಹಾಗೇ ಕುಸಿದು ಕೂತ. ಮುಖದಲ್ಲಿ ರಕ್ತವಿಲ್ಲ. ಅಂಗಿಯ ಮೇಲೆ ಬೆವರು ಒಣಗಿ ಉಪ್ಪಿನ ಬಿಳಿ ಗೆರೆ.

ಅವಳು ಯಂತ್ರ ಬಿಟ್ಟು ಓಡಿ ಬಂದಳು. ಹೊಲಿಯುತ್ತಿದ್ದ ಗಿರಾಕಿಯ ಅಂಗಿಯನ್ನೇ ನೀರಿಗದ್ದಿ ಅವನ ಕತ್ತಿಗೆ ಒತ್ತಿದಳು. ಲೋಟ ತುಟಿಗಿಟ್ಟಳು.

"ನಿಧಾನ... ರೀ, ಕಣ್ಣು ಬಿಡಿ!"

ತುಸು ಹೊತ್ತಿನ ಮೇಲೆ ಅವನು ಮೆಲ್ಲಗೆ ಹೇಳಿದ: "ಗಾಬರಿಯಾಗ್ಬೇಡಿ. ಮಧ್ಯಾಹ್ನ ನನ್ನಂಗಡಿ ತಗಡಿನ ಕೆಳಗೆ ಕೂತ್ರೆ ಹೀಗೇ. ನಿನ್ನೇನೂ ಆಗಿತ್ತು." ಅವಳತ್ತ ನೋಡಲಿಲ್ಲ. "ನಂಬಲ್ಲ ಅಂತೀನಲ್ಲ, ಸುಳ್ಳು. ನಂಬಿಬಿಟ್ರೆ ನಾಳೆ ಅಂಗಡಿ ಬಾಗಿಲು ತೆಗೆಯೋಕೆ ಕೈಯೇ ಬರಲ್ಲ."

ಅವಳು ಎದ್ದಳು. ಬಟ್ಟೆ ಕತ್ತರಿಸುವ ಮೇಜನ್ನು ದರದರ ಎಳೆದು ಗೋಡೆಗೆ ಒತ್ತಿದಳು. ಅವಳ ಅಂಗಡಿಗೆ ಕಾಂಕ್ರೀಟ್ ಚಾವಣಿ.

"ನಾಳೆಯಿಂದ ನಿಮ್ಮ ಮೋಟಾರೆಲ್ಲ ಇಲ್ಲಿಗೇ ತನ್ನಿ. ಮಧ್ಯಾಹ್ನ ಆ ಕಡೆ ಕಾಲಿಟ್ರೆ ನೋಡಿ!"

"ನೋಡಿದ ಜನ ಏನಂತಾರೆ?"

"ಗಂಡ ಹೆಂಡ್ತಿ ಅಂತಾರೆ."

ಅವನು ಅವಳನ್ನೇ ನೋಡಿದ. "ಹೆದರಿಕೆ ಹೋಯ್ತಾ?"

"ಇಲ್ಲ. ಜಾಸ್ತಿ ಆಯ್ತು. ಇಷ್ಟು ದಿನ ಬಿಸಿಲಿಗಷ್ಟೇ ಹೆದರ್ತಿದ್ದೆ."

ಅವನು ಕೈ ಚಾಚಿದ. ಅವಳು ಹಿಡಿದಳು. ಇಬ್ಬರೂ ಬಿಡಲಿಲ್ಲ.