ಅರ್ಧಕ್ಕೆ ನಿಂತ ರೆಕ್ಕೆ

“ಆ ಎಲೆ ತಪ್ಪು!”

ಬೆನ್ನ ಹಿಂದಿನಿಂದ ಬಂದ ಗಂಡಸಿನ ದನಿಗೆ ಅವಳ ಕುಂಚ ಗಕ್ಕನೆ ನಿಂತಿತು.

ಸಸ್ಯಸಂಗ್ರಹಾಲಯದ ಹಿಂದಿನ ಕಾಲುವೆಯ ದಂಡೆ. ಎದುರಿಗೆ ಸೊಂಟದೆತ್ತರ ಬೆಳೆದ ಕಾಮ್‌ಫ್ರೇ ಗಿಡ. ಮೈಯೆಲ್ಲ ಒರಟು ರೋಮ, ತಲೆತಗ್ಗಿಸಿದ ನೇರಳೆ ಹೂಗೊಂಚಲು. ಬೆಳಗಿನಿಂದ ಅದರ ಮುಂದೆ ಕೂತು ಚಿತ್ರ ಬರೆಯುತ್ತಿದ್ದಳು.

ನಿನ್ನೆಯವರೆಗೂ ಅಂಗಡಿಗಳ ಬೋರ್ಡು ಬರೆದವಳು. ಇಲ್ಲಿ ಮೂರು ತಿಂಗಳ ಪರೀಕ್ಷೆ. ಗಿಡಗಳ ಪುಸ್ತಕಕ್ಕೆ ಆರು ಚಿತ್ರ. ಆರೂ ಒಪ್ಪಿಗೆಯಾದರೆ ಕೆಲಸ ಖಾಯಂ, ಒಂದು ತಿರಸ್ಕಾರವಾದರೂ ಮತ್ತೆ ಬೋರ್ಡು.

“ಏನು ತಪ್ಪು?”

“ಎಲೆಯ ಬುಡ ಕಾಂಡದ ಮೇಲೆ ರೆಕ್ಕೆ ಥರ ಇಳಿಯುತ್ತೆ ನೋಡಿ. ಸಾಮಾನ್ಯ ಕಾಮ್‌ಫ್ರೇಲಿ ಅದು ಕೆಳಗಿನ ಎಲೆವರೆಗೂ ಇಳಿಯುತ್ತೆ. ಒರಟು ಕಾಮ್‌ಫ್ರೇಲಿ ಇಳಿಯೋದೇ ಇಲ್ಲ. ನೀವು ಅರ್ಧಕ್ಕೆ ನಿಲ್ಲಿಸಿದೀರ.”

“ಗಿಡಾನೇ ಅರ್ಧಕ್ಕೆ ನಿಲ್ಲಿಸಿದ್ರೆ ನಾನೇನ್ರೀ ಮಾಡ್ಲಿ?”

ತಿರುಗಿ ನೋಡಿದಳು. ಕೊರಳಲ್ಲಿ ಭೂತಗನ್ನಡಿ ನೇತುಹಾಕಿಕೊಂಡ ಮನುಷ್ಯ. ಕಚೇರಿಯಲ್ಲಿ ಎಲ್ಲರೂ ಅವನನ್ನು ಕರೆಯುತ್ತಿದ್ದುದೇ ಭೂತಗನ್ನಡಿ ಎಂದು. ಗಿಡಗಳ ಹೆಸರು ಗುರುತಿಸುವುದು ಅವನ ಕೆಲಸ. ಅವನು ಹೇಳಿದ ಹೆಸರೇ ಕೊನೆ.

“ಮೊದಲು ನಿಮ್ಮ ಶರ್ಟಿನ ಗುಂಡಿ ಸರಿಯಾಗಿ ಹಾಕ್ಕೊಳ್ಳಿ. ಒಂದು ಮನೆ ತಪ್ಪಿದೆ!”

ಅವನು ತನ್ನ ಎದೆ ನೋಡಿಕೊಂಡ. ಕಿವಿ ಕೆಂಪಾಯಿತು. ಇನ್ನೇನು ಕಣ್ಣಿಗೇರಿಸಬೇಕಿದ್ದ ಭೂತಗನ್ನಡಿ ಅಲ್ಲೇ ಉಳಿಯಿತು. ಒಂದು ಟೊಂಗೆ ಕತ್ತರಿಸಿ, ಒತ್ತಿ ಒಣಗಿಸಲೆಂದು ಹಳೇ ಪೇಪರಿನ ನಡುವೆ ತುರುಕಿ, ಹೊರಟೇಹೋದ.

ಅಬ್ಬಾ, ಎಂಥ ಜಂಭ! ಅಂದುಕೊಂಡಳು. ನಗುವೂ ಬಂತು.

ಆಮೇಲಿನ ಮೂರು ವಾರದಲ್ಲಿ ಜಂಭದ ಲೆಕ್ಕ ತಲೆಕೆಳಗಾಯಿತು. ಅವಳು ಬರೆಯಬೇಕಾದ ಗಿಡಗಳನ್ನು ಅವನೇ ಬುಡಸಮೇತ ತಂದು ನೀರಿನಲ್ಲಿಟ್ಟು ಹೋಗುತ್ತಿದ್ದ. ಟೀ ಹೊತ್ತಿಗೆ ಅದೇ ಬೆಂಚಿನ ಇನ್ನೊಂದು ತುದಿ. ದಿನಕ್ಕೆ ನಾಲ್ಕು ಮಾತು, ಅದರಲ್ಲಿ ಮೂರು ಬೇರಿನ ಬಗ್ಗೆ. ಆದರೂ ಅವನ ಚಪ್ಪಲಿ ಸದ್ದಾದರೆ ಇವಳ ಕುಂಚ ತಾನಾಗಿ ನಿಲ್ಲುತ್ತಿತ್ತು.

“ಯಾಕೇ, ಒಬ್ಬಳೇ ನಗ್ತಿದೀಯ?” ಎಂದು ಮನೆಯಲ್ಲಿ ಅಕ್ಕ ಕೇಳಿದಳು.

“ಸುಮ್ನಿರೇ ಅಕ್ಕ, ಏನಿಲ್ಲ.”

ಏನಿಲ್ಲ ಎಂದು ಅಷ್ಟು ಬೇಗ ಹೇಳುವವರನ್ನು ಯಾವ ಅಕ್ಕ ನಂಬುತ್ತಾಳೆ?

ಆ ಸೋಮವಾರ ಮುಖ್ಯಸ್ಥೆ ಮೇಡಂ ಕರೆದರು. ಮೇಜಿನ ಮೇಲೆ ಕಾಮ್‌ಫ್ರೇ ಚಿತ್ರ. ಎಲೆಯ ಬುಡಕ್ಕೆ ಕೆಂಪು ಪೆನ್ಸಿಲ್ಲಿನ ಗೆರೆ. ಪಕ್ಕದಲ್ಲಿ ಅವನ ಅಕ್ಷರ: ‘ಕಾಂಡದಲ್ಲಿ ರೆಕ್ಕೆ ಇಲ್ಲ. ಒರಟು ಕಾಮ್‌ಫ್ರೇ. ಚಿತ್ರ ತಿದ್ದಬೇಕು.’

“ಶುಕ್ರವಾರದೊಳಗೆ ಅಷ್ಟು ಅಳಿಸಿಕೊಡಮ್ಮ. ಇಲ್ಲದಿದ್ರೆ ನಿನ್ನನ್ನ ಇಟ್ಕೊಳ್ಳೋದು ನನ್ನ ಕೈಲಾಗಲ್ಲ.”

“ಇಲ್ಲದ್ದನ್ನ ನಾನು ಬರೆದಿಲ್ಲ ಮೇಡಂ.”

ಗಿಡವನ್ನೇ ತೋರಿಸೋಣವೆಂದು ಕಾಲುವೆಗೆ ಓಡಿದಳು. ದಂಡೆ ನುಣ್ಣಗಿತ್ತು. ಎರಡು ದಿನದ ಹಿಂದೆ ತಾನೇ ಮಾಲಿಗಳು ಎಲ್ಲ ಕತ್ತರಿಸಿ ಚೊಕ್ಕಟ ಮಾಡಿದ್ದರು.

ನೇರ ಅವನ ಕೋಣೆಗೇ ಹೋದಳು.

“ಇದನ್ನ ಬರೆದದ್ದು ನೀವೇನಾ?”

“ಹೌದು.”

“ನಾನು ಸುಳ್ಳು ಬರೆದೆ ಅಂತಾನಾ?”

ಅವನು ತಲೆಯೆತ್ತಲಿಲ್ಲ. “ಒಣಗಿಸಿ ಹಾಳೆಗೆ ಅಂಟಿಸಿದ ಟೊಂಗೇಲಿ ರೆಕ್ಕೆ ಇಲ್ಲ...”

ಒಂದು ಮಾತು, ಒಂದೇ ಒಂದು ಮಾತು ಕೇಳಬಾರದಿತ್ತೇ, ನೀವು ಏನು ನೋಡಿದಿರಿ ಅಂತ? ಕಣ್ಣು ತುಂಬಿತು. ಅವನ ಮುಂದೆ ಅಳಬಾರದೆಂದು ಹೊರಗೆ ಬಂದುಬಿಟ್ಟಳು.

ಮಂಗಳವಾರ ಅವನು ಕಚೇರಿಗೆ ಬರಲಿಲ್ಲ. ಬುಧವಾರವೂ ಇಲ್ಲ, ಗುರುವಾರವೂ ಇಲ್ಲ. ಮುಖ ತೋರಿಸಲು ಧೈರ್ಯವಿಲ್ಲ, ತಲೆಮರೆಸಿಕೊಂಡಿದ್ದಾನೆ ಎಂದು ತೀರ್ಮಾನಿಸಿದಳು. ಚಿತ್ರ ತಿದ್ದಲಿಲ್ಲ. ಶುಕ್ರವಾರ ಕುಂಚಗಳನ್ನು ಡಬ್ಬಿಗೆ ತುಂಬಿ, ಮೇಡಂಗೆ ಹೇಳಿ ಹೋಗೋಣವೆಂದು ಎದ್ದಳು.

“ಒಂದು ನಿಮಿಷ... ಬರ್ತೀರಾ?”

ಬಾಗಿಲಲ್ಲಿ ಅವನು. ಪ್ಯಾಂಟು ಮೊಣಕಾಲವರೆಗೆ ಕೆಸರು, ಮೂಗು ಬಿಸಿಲಿಗೆ ಸುಟ್ಟಿತ್ತು.

ಸಂಗ್ರಹಾಲಯದ ಕಬ್ಬಿಣದ ಬೀರುಗಳ ನಡುವೆ, ನುಸಿಗುಳಿಗೆಯ ವಾಸನೆಯಲ್ಲಿ, ಅವನು ಮೇಜಿನ ದೀಪ ಹಾಕಿದ. ಅಲ್ಲೊಂದು ಬಟ್ಟಲು ಬಿಸಿನೀರು, ಪಕ್ಕದಲ್ಲಿ ಅಂದಿನ ಟೊಂಗೆ ಅಂಟಿಸಿದ್ದ ಹಾಳೆ.

“ಕಾಲುವೆ ಹಿಡಿದು ಮೇಲಕ್ಕೆ ಹೋಗಿದ್ದೆ. ನಲವತ್ತೊಂದು ಗಿಡ ಸಿಕ್ತು. ಎಲ್ಲದರಲ್ಲೂ ರೆಕ್ಕೆ ಅರ್ಧಕ್ಕೇ ನಿಲ್ಲುತ್ತೆ. ಸಾಮಾನ್ಯದ್ದು, ಒರಟು, ಎರಡೂ ಕೂಡಿ ಹುಟ್ಟಿದ ಮಿಶ್ರತಳಿ ಇದು.” ಹಾಳೆಯನ್ನು ದೀಪದ ಕೆಳಗೆ ಎಳೆದ. “ಬಂದು ಈ ಒಣಗಿದ ಟೊಂಗೇನ ಬಿಸಿನೀರು ಹಾಕಿ ನೆನೆಸಿದೆ. ಇಲ್ನೋಡಿ.”

ಚಿಮಟದಿಂದ ಮೆಲ್ಲಗೆ ಎತ್ತಿದ. ಕಾಂಡದ ಹಿಂದೆ ಮಡಚಿ ಅಂಟಿಕೊಂಡಿದ್ದ ಹಸಿರು ಅಂಚು ಬಿಡಿಸಿಕೊಂಡಿತು. ಅವಳು ಬರೆದಷ್ಟೇ ಉದ್ದ, ಅವಳು ನಿಲ್ಲಿಸಿದಲ್ಲೇ ನಿಂತಿತ್ತು.

“ಮೇಡಂ ನೋಡಿದ್ರು. ನಿಮ್ಮ ಚಿತ್ರ ಇದ್ದ ಹಾಗೇ ಅಚ್ಚಾಗುತ್ತೆ. ನೀವು ಎಲ್ಲಿಗೂ ಹೋಗ್ಬೇಕಿಲ್ಲ.”

ಅವನು ಹಳೆಯ ಹೆಸರಿನ ಚೀಟಿಯ ಕೆಳಗೆ ಹೊಸ ಚೀಟಿ ಅಂಟಿಸಿದ. ‘ಮಿಶ್ರ ಕಾಮ್‌ಫ್ರೇ. ಆಧಾರ: ಜೀವಂತ ಗಿಡ ನೋಡಿ ಬರೆದ ಚಿತ್ರ.’ ಅದರ ಮುಂದೆ ಅವಳ ಹೆಸರು.

“ಮೇಲಿನದನ್ನ ಕಿತ್ತುಹಾಕಿ. ನಿಮಗೇ ಅವಮಾನ.”

“ಕೀಳೋ ಹಾಗಿಲ್ಲ. ತಪ್ಪು ಹೆಸರೂ ಹಾಗೇ ಇರ್ಬೇಕು, ಯಾರು ತಪ್ಪಿದ್ರು ಅಂತಾನೂ ಇರ್ಬೇಕು. ಸರಿಯಾದದ್ದು ಅದರ ಕೆಳಗೆ ಬರುತ್ತೆ. ಇಲ್ಲಿನ ಪದ್ಧತಿ ಅದು.”

“ಅಲ್ಲಾ, ಇಷ್ಟು ವರ್ಷ ಗಿಡ ಒತ್ತಿದವರು... ಇದನ್ನ ಹೀಗೆ ಮಡಚಿ ಹೇಗೆ ಒತ್ತಿದ್ರಿ?”

ಅವನು ಬಟ್ಟಲನ್ನು ಪಕ್ಕಕ್ಕೆ ಸರಿಸಿದ.

“ಹದಿನಾಲ್ಕು ವರ್ಷದಲ್ಲಿ ನಾನು ನೋಡದೆ ಒತ್ತಿದ ಗಿಡ ಇದೊಂದೇ. ನೀವು ಗುಂಡಿ ತಪ್ಪಿದೆ ಅಂದ್ರಲ್ಲ... ಆಮೇಲೆ ಕೈಲಿ ಏನಿತ್ತು, ಎಲ್ಲಿ ಮಡಚಿದೆ, ಯಾವುದೂ ನೆನಪಿಲ್ಲ. ನಿಮ್ಮ ಕೆನ್ನೆ ಮೇಲೆ ಹಸಿರು ಬಣ್ಣ ಮೆತ್ಕೊಂಡಿತ್ತು. ಅದೊಂದು ನೆನಪಿದೆ.”

ಅವಳ ಕೈ ತಾನಾಗಿ ಕೆನ್ನೆಗೆ ಹೋಯಿತು. ನಾಲ್ಕು ದಿನದ ಕೋಪ ಎಲ್ಲಿ ಹೋಯಿತೋ, ಹುಡುಕಿದರೂ ಸಿಗಲಿಲ್ಲ. ಇವನು ನನ್ನವನು ಎಂದು ಅವಳಿಗೆ ಅನ್ನಿಸಿದ್ದು ಆಗಲೇ.

“ಇದನ್ನ ಮೊದಲೇ ಹೇಳೋಕೆ ಏನಾಗಿತ್ತು ನಿಮಗೆ?”

“ಖಾತ್ರಿ ಇರ್ಲಿಲ್ಲ.”

“ಈಗ?”

“ಚೀಟಿ ಅಂಟಿಸೋಷ್ಟು ಖಾತ್ರಿ ಇದೆ.” ಚೀಟಿಯ ಅಂಚನ್ನು ಹೆಬ್ಬೆರಳಿನಿಂದ ಒತ್ತಿದ. “ನಿಮಗೆ... ನಿಮಗೆ ಹೇಗೆ?”

ಅವಳು ಕುಂಚದ ಡಬ್ಬಿ ಕೆಳಗಿಟ್ಟು, ಒಂದು ಹೆಜ್ಜೆ ಮುಂದೆ ಬಂದಳು.

“ಅಲ್ಲಾಡದೆ ನಿಂತ್ಕೊಳ್ಳಿ,” ಎಂದು ಅವನ ಶರ್ಟಿಗೆ ಕೈಹಾಕಿದಳು. “ಇವತ್ತೂ ಒಂದು ಮನೆ ತಪ್ಪಿದೆ. ಇನ್ಮೇಲೆ ದಿನಾ ನಾನೇ ನೋಡ್ಕೋತೀನಿ.”