ಟಬ್ಬಿನ ತಾವರೆಯ ಲೈವ್ ರೂಮ್

"ಯಾರಾದರೂ ಇದ್ದೀರಾ?"

ವಿಸ್ಮಿತಾ ಮತ್ತೊಮ್ಮೆ ಟೈಪ್ ಮಾಡಿದಳು. ಉತ್ತರವಿಲ್ಲ...

ಟಬ್ಬಿನಲ್ಲಿ ತಾವರೆ ಬೆಳೆಸುವವರ ಆನ್‌ಲೈನ್ ಗುಂಪಿಗೆ ಅವಳೇ ಅಡ್ಮಿನ್. ಎಲ್ಲರೂ ಫೋಟೋ ಹಾಕಿ ಸುಮ್ಮನಾಗುವ ಬದಲು ಒಟ್ಟಿಗೆ ಮಾತಾಡಲಿ ಎಂದು ಲೈವ್ ವಿಡಿಯೋ ಚಾಟ್ ರೂಮ್ ತೆರೆದಿದ್ದಳು. ಭಾನುವಾರ ಬೆಳಿಗ್ಗೆ ಒಂಬತ್ತಕ್ಕೆ ಎಂದು ವಾರವಿಡೀ ಸಾರಿದ್ದಳು. ಅಮ್ಮ ಬೇರೆ, "ಯಾರು ಬರ್ತಾರೆ ನಿನ್ನ ರೂಮಿಗೆ?" ಎಂದು ನಕ್ಕಿದ್ದರು.

"ಯಾರೂ ಇಲ್ಲದಿದ್ದರೆ ಮುಚ್ಚಿಬಿಡುತ್ತೇನೆ" ಎಂದು ಬರೆದಳು. ಬೆರಳು ಬಟನ್ ಮೇಲೆಯೇ ಇತ್ತು.

"ಮುಚ್ಚಬೇಡಿ ಮಾರಾಯ್ರೆ, ನಾನಿದ್ದೇನೆ!"

ಹೆಸರು ನೋಡಿದಳು. ಜಿತೇಶ್, ಗುರುವಾಯನಕೆರೆ.

"ನೀವೊಬ್ಬರೇ ಇರುವುದು!"

"ನಮ್ಮ ಪೇಂಟ್ ಅಂಗಡಿಯಲ್ಲೂ ಬೆಳಿಗ್ಗೆ ಹೀಗೇ. ಒಬ್ಬ ಬಂದರೆ ವ್ಯಾಪಾರ ಶುರು. ಎಲೆ ಯಾಕೆ ಹಳದಿ ಆಗ್ತದೆ, ಹೇಳಿ."

ಅವಳು ಹೇಳುತ್ತಲೇ ಹೋದಳು. ಅವನು ಕೇಳುತ್ತಲೇ ಇದ್ದ.

ಮುಂದಿನ ಭಾನುವಾರಗಳಲ್ಲಿ ರೂಮ್ ತುಂಬಿತು. ಮೈಕ್ ಆಫ್ ಮಾಡಲು ಬಾರದ ಹಿರಿಯರಿಗೆ ಜಿತೇಶ್ ಫೋನ್ ಮಾಡಿ ಕಲಿಸಿದ. ಯಾರದೋ ಮನೆಯ ಕುಕ್ಕರ್ ಕೂಗಿ ಮಾತೇ ಕೇಳದಾದಾಗ, "ಮೂರು ವಿಶಲ್ ಆಯ್ತು ಆಂಟಿ, ಇಳಿಸಿ!" ಎಂದು ನಗಿಸಿದ. ಒಮ್ಮೆಯೂ ಸಿಡುಕಲಿಲ್ಲ.

ಎಷ್ಟು ತಾಳ್ಮೆ ಈ ಮನುಷ್ಯನಿಗೆ! ಇಂಥವರೂ ಇರುತ್ತಾರಾ...

ಯಾರಿಗೂ ಕೊಡದಿದ್ದ ಗುಲಾಬಿ ತಾವರೆಯ ಗೆಡ್ಡೆಯನ್ನು ಅವಳು ಒದ್ದೆ ಪೇಪರಿನಲ್ಲಿ ಸುತ್ತಿದಳು. ವಿಟ್ಲದಿಂದ ಬಿ.ಸಿ. ರೋಡಿಗೆ ಹೋಗಿ ಬೆಳ್ತಂಗಡಿ ಬಸ್ಸಿನ ಕಂಡಕ್ಟರ್ ಕೈಗಿಟ್ಟು, "ಗುರುವಾಯನಕೆರೆಯಲ್ಲಿ ಒಬ್ಬರು ಕಾಯ್ತಾರೆ, ಮೆಲ್ಲ ಹಿಡಿದುಕೊಳ್ಳಿ ಅಣ್ಣ" ಎಂದಳು.

ಎರಡು ತಿಂಗಳ ಮೇಲೆ, ಲೈವ್‌ನಲ್ಲಿ ಮೂಡುಬಿದಿರೆಯ ದೀಕ್ಷಿತಾ ಕೆಣಕಿದಳು. "ಜಿತೇಶಣ್ಣ, ಅಡ್ಮಿನ್ ಕೊಟ್ಟ ಸ್ಪೆಷಲ್ ತಾವರೆ ತೋರಿಸಿ!"

"ಅದು... ತೋರಿಸಲಿಕ್ಕೆ ಏನೂ ಇಲ್ಲ."

"ಸತ್ತುಹೋಯ್ತಾ?" ವಿಸ್ಮಿತಾ ಕೇಳಿದಳು.

ಅವನು ರೂಮಿನಿಂದ ಹೊರಟೇಹೋದ.

ಸಂಜೆ ದೀಕ್ಷಿತಾ ಅವಳಿಗೆ ಫೋನ್ ಮಾಡಿದಳು. "ಅಕ್ಕ, ನಾನು ಮೊನ್ನೆ ಅವರ ಅಂಗಡಿಗೆ ಹೋಗಿದ್ದೆ. ಹಿಂದುಗಡೆ ನಿಮ್ಮ ಹೆಸರು ಬರೆದ ಬಕೆಟ್ ತುಂಬ ಎಲೆ ಉಂಟು!"

ಹಾಗಾದರೆ ಸುಳ್ಳೇಕೆ? ನಾನು ಕೊಟ್ಟದ್ದೆಂದು ಎಲ್ಲರೆದುರು ಹೇಳಲು ಅವನಿಗೆ ಮುಜುಗರವೇ? ನಾನೇ ಇಲ್ಲದ್ದನ್ನು ಕಲ್ಪಿಸಿಕೊಂಡೆನಾ?

ಕಣ್ಣು ತುಂಬಿತು. ಅವನ ಹೆಸರು ಕಾಣುವ ಆ ರೂಮಿನಲ್ಲಿ ಇನ್ನು ಕೂರಲಾರೆ ಅನ್ನಿಸಿತು. ಗುಂಪಿನಲ್ಲಿ ಬರೆದಳು: "ಈ ಭಾನುವಾರವೇ ಕೊನೆಯ ಲೈವ್. ರೂಮ್ ಮುಚ್ಚುತ್ತೇನೆ."

ಭಾನುವಾರ ಎಲ್ಲರೂ ಬಂದಿದ್ದರು. "ಯಾಕೆ ಮೇಡಂ?" "ಬೇಡ ಅಕ್ಕ!" ಅವಳು ಮೈಕ್ ಆನ್ ಮಾಡುವಷ್ಟರಲ್ಲಿ ಜಿತೇಶನ ಕ್ಯಾಮೆರಾ ತೆರೆದುಕೊಂಡಿತು.

ಪೇಂಟ್ ಬಕೆಟ್ಟಿನಲ್ಲಿ ಅಂಗೈಯಗಲ ಅರಳಿದ ಗುಲಾಬಿ ತಾವರೆ! ಪಕ್ಕದಲ್ಲಿ ಅವನ ಅಜ್ಜಿ ಸೇಸಮ್ಮ.

"ಇವನ ಬಾಯಿ ಮುಚ್ಚಿಸಿದ್ದು ನಾನು ಮಗಾ," ಅಜ್ಜಿ ಹೇಳಿದರು. "ಮೊಗ್ಗಿಗೆ ಬೆರಳು ತೋರಿಸಿದರೆ ಕೊಳೆತುಹೋಗ್ತದೆ. ಇವ ಊರಿಗೇ ತೋರಿಸಲಿಕ್ಕೆ ಹೊರಟಿದ್ದ! ಅರಳುವವರೆಗೆ ಸುದ್ದಿಯೇ ಎತ್ತಬೇಡ ಅಂದೆ. ಪಾಪ, ಸುಳ್ಳು ಹೇಳಿ ನಿಭಾಯಿಸಲಿಕ್ಕೆ ಬರುವುದಿಲ್ಲ, ಓಡಿಬಂದ."

ವಿಸ್ಮಿತಾಳಿಗೆ ಅಳುವೋ ನಗುವೋ ತಿಳಿಯಲಿಲ್ಲ.

"ಜಿತೇಶ್, ನೀವು ಅದನ್ನೆಲ್ಲ ನಂಬ್ತೀರಾ?"

"ಇಲ್ಲ. ಬೇರೆ ಯಾರಾದರೂ ಕೊಟ್ಟದ್ದಾಗಿದ್ದರೆ ತೋರಿಸಿಬಿಡ್ತಿದ್ದೆ." ಜಿತೇಶ್ ತಲೆ ತಗ್ಗಿಸಿದ. "ನೀವು ಕೊಟ್ಟದ್ದಕ್ಕೆ ಏನಾದರೂ ಆದರೆ ಅಂತ... ಧೈರ್ಯ ಬರಲಿಲ್ಲ."

"ಯಾಕೆ?"

"ನನಗೆ ನೀವೆಂದರೆ ತುಂಬಾ ಇಷ್ಟ ವಿಸ್ಮಿತಾ."

ಆಗ ಪರದೆಯಲ್ಲಿ ದೀಕ್ಷಿತಾಳ ಸಾಲು ಮೂಡಿತು: "ಅಕ್ಕ, ನಾವು ಇರಬೇಕಾ, ಹೋಗಬೇಕಾ?"

ಅಯ್ಯೋ... ಎಲ್ಲರೂ ಕೇಳುತ್ತಿದ್ದಾರೆ! ವಿಸ್ಮಿತಾ ಮುಖ ಮುಚ್ಚಿಕೊಂಡು ನಕ್ಕಳು.

"ಎಲ್ಲರೂ ಇರಿ. ರೂಮ್ ಮುಚ್ಚುವುದಿಲ್ಲ. ಜಿತೇಶ್, ನೀವು ಮಾತ್ರ ಅಲ್ಲೇ ಕೂರಬೇಡಿ."

"ಮತ್ತೆ?"

"ವಿಟ್ಲಕ್ಕೆ ಬನ್ನಿ. ಅಮ್ಮನ ಹತ್ತಿರ ಮಾತಾಡುವ."

"ಇವತ್ತೇ ಬರಲಾ?"

"ಸಿಕ್ಕಿದ ಮೊದಲ ಬಸ್ಸಿಗೇ ಬನ್ನಿ... ಕಾಯ್ತೇನೆ."