ಫೋಟೊ ಮಾತ್ರ ಸಾಕು

ಈ ಕಥೆ ಹೇಳುವ ಯೋಗ್ಯತೆ ನನಗಿದೆಯೋ ಇಲ್ಲವೋ ತಿಳಿಯದು. ಪ್ರೀತಿಯ ಬಗ್ಗೆ ನನಗಿಂತ ಬಲ್ಲವರು ಬೇಕಾದಷ್ಟು ಇದ್ದಾರೆ. ಆದರೂ ಬರೆಯುತ್ತಿದ್ದೇನೆ, ಕ್ಷಮಿಸಿ.

ಯಲಹಂಕದ ತನ್ನ ಪುಟ್ಟ ಅಂಗಡಿಯಲ್ಲಿ ನಂದಿತಾ ಮದುವೆ ಬ್ಲೌಸಿಗೆ ಕಸೂತಿ ಹಾಕುತ್ತಿದ್ದಳು. ಬಾಗಿಲಲ್ಲಿ ನೆರಳು ಬಿತ್ತು. ತಲೆ ಎತ್ತಿದವಳ ಬೆರಳಿಗೆ ಸೂಜಿ ಚುಚ್ಚಿತು.

"ನಾ ಬಸವಕಿರಣ್ರೀ. ವೆಬ್‌ಸೈಟ್ ಬೇಕಂದಿದ್ರಲ್ಲ... ರಕ್ತ ಬರಾಕತ್ತೇತಿ ನೋಡ್ರಿ."

"ಬರ್ಲಿ ಬಿಡ್ರೀ. ಬಟ್ಟೆಗೆ ಬೀಳ್ದಿದ್ರೆ ಸಾಕು."

ಅವನು ನಕ್ಕ. ಆ ನಗು... ಅವಳ ಕಣ್ಣು ಕಸೂತಿಗೆ ಮರಳಲು ಸ್ವಲ್ಪ ಹೊತ್ತು ಬೇಕಾಯಿತು.

ಅವಳು ಇನ್‌ಸ್ಟಾದಲ್ಲಿ ಹಾಕುವ ಫೋಟೊಗಳೆಲ್ಲ ತಾವಾಗಿಯೇ ವೆಬ್‌ಸೈಟಿನಲ್ಲೂ ಕಾಣುವಂತೆ ಅವನು ಜೋಡಿಸಿದ. ಖಾತೆ ಪಬ್ಲಿಕ್ ಇದ್ದರಾಯಿತು, ಆ್ಯಪ್ ಇಲ್ಲದವರೂ ನೋಡಬಹುದು.

"ಫೋಟೊ ಕೆಳಗ ನೀವು ಬರದದ್ದೂ ಬರ್ಲೇನ್ರಿ?"

"ಬೇಡಪ್ಪ. ನಾನ್ ಬರ್ದಿದ್ದನ್ನ ಯಾರ್ ಓದ್ತಾರೆ? ಫೋಟೊ ಮಾತ್ರ ಸಾಕು."

"ನಾ ಓದ್ತೇನ್ರಿ."

"ನಿಮ್ಮತ್ರ ಆ್ಯಪೇ ಇಲ್ವಲ್ಲ."

"ಅದಕ್ಕ ಕೇಳಿದ್ದು."

ನಾಚಿಕೊಂಡು ಅವಳು ಬೇಡವೆಂದೇ ಹೇಳಿದಳು.

ಕೆಲಸ ಮುಗಿದ ಮೇಲೂ ಅವನು ಬರುತ್ತಲೇ ಇದ್ದ. 'ಅವರೇ ಮೊದಲು ಹೇಳಲಿ...' ಎಂದುಕೊಂಡಳು ಅವಳು. ಊರಿಗೆ ಹೋಗಿ ಬಂದ ಮೇಲೆ ಕೇಳೋಣ ಎಂದುಕೊಂಡ ಅವನು. ತಾಯಿ ನಿಂಗವ್ವನಿಗೆ ಹುಷಾರಿರಲಿಲ್ಲ.

ಅವನು ಊರಲ್ಲಿದ್ದಾಗಲೇ ಗಿರಾಕಿ ಮೋನಿಷಾಳ ಮದುವೆ ಬ್ಲೌಸ್ ಸಿದ್ಧವಾಯಿತು.

"ಅಕ್ಕಾ, ಬೊಂಬೆಗೆ ಹಾಕಿದ್ರೆ ಕಳೇನೇ ಇಲ್ಲ. ಇಬ್ರದ್ದೂ ಒಂದೇ ಅಳತೆ, ನೀವೇ ಹಾಕ್ಕೊಳಿ."

ಸೀರೆ, ಮೊಗ್ಗಿನ ಜಡೆ, ಕೊನೆಗೆ ಬಾಸಿಂಗವನ್ನೂ ತಂದಳು.

"ಬಾಸಿಂಗ ಬೇಡ ಕಣೇ. ಮದ್ವೆ ಇಲ್ದೆ ಕಟ್ಕೋಬಾರ್ದು."

"ಒಂದ್ ಫೋಟೊಗೆ ಏನಾಗಲ್ಲ ಸುಮ್ನಿರಿ."

ನಂದಿತಾ ಆ ಫೋಟೊ ಇನ್‌ಸ್ಟಾದಲ್ಲಿ ಹಾಕಿ ಕೆಳಗೆ ಬರೆದಳು: 'ಮದುಮಗಳು ನಮ್ಮ ಮೋನಿಷಾ. ನಾನು ಈ ಹೊತ್ತಿನ ಬೊಂಬೆ.'

ಊರಿನಲ್ಲಿ ಅವನು ವೆಬ್‌ಸೈಟ್ ತೆರೆದ. ಫೋಟೊ ಮಾತ್ರ ಬಂತು. ಸುಮ್ಮಸುಮ್ಮನೆ ಯಾರು ಬಾಸಿಂಗ ಕಟ್ಟಿಕೊಳ್ಳುತ್ತಾರೆ...

ಸ್ನೇಹಾ ಎಂಬ ಹುಡುಗಿಯನ್ನು ಅವನಿಗೆ ಗೊತ್ತುಮಾಡಲು ತಾಯಿ ಕಾಯುತ್ತಿದ್ದಳು. "ನಿನ್ನ ಮನಸಿನಂಗ ಆಗ್ಲವ್ವ," ಎಂದುಬಿಟ್ಟ. ನಿಶ್ಚಿತಾರ್ಥವೂ ಆಯಿತು.

ಇಲ್ಲಿನ ರೂಮು ಖಾಲಿ ಮಾಡಲು ಊರಿನಿಂದ ಬಂದವನು ವೆಬ್‌ಸೈಟಿನ ಪಾಸ್‌ವರ್ಡ್ ಕೊಡಲು ಅಂಗಡಿಗೆ ಬಂದ.

"ಗಂಡನ ಮನಿಗೆ ಹೋಗಿಲ್ಲೇನ್ರಿ?"

"ಯಾವ ಗಂಡ?"

ಅವನು ಫೋಟೊ ತೋರಿಸಿದ. ಅವಳು ತನ್ನ ಫೋನಿನಲ್ಲಿ ಇನ್‌ಸ್ಟಾ ತೆರೆದು ಅವನ ಕೈಗಿತ್ತಳು. ಓದಿದವನು ಅಲ್ಲೇ ಸ್ಟೂಲಿನ ಮೇಲೆ ಕುಳಿತ.

"ಒಂದ್ ಫೋನ್ ಮಾಡ್ಬಾರ್ದಿತ್ತಾ?"

"ಮದುಮಗಳಿಗೆ ಫೋನ್ ಹಚ್ಚಿ ಏನಂತ ಕೇಳ್ಲಿ? ...ನಂದೂ ನಿಶ್ಚಯ ಆಗೇತ್ರಿ."

ಅವಳು ಕತ್ತರಿಯನ್ನು ಎತ್ತಿ ಮತ್ತೆ ಅಲ್ಲೇ ಇಟ್ಟಳು.

"ಬೇಡ ಅನ್ನೋಕಾಗಲ್ವಾ?"

"ಸ್ನೇಹಾ ಏನ್ ತಪ್ಪು ಮಾಡ್ಯಾಳ್ರಿ?"

ಹೊರಗೆ ಬಸ್ಸೊಂದು ಹಾರ್ನ್ ಹೊಡೆಯುತ್ತ ಹೋಯಿತು.

"ನನ್ನ ಇಷ್ಟಪಟ್ಟಿದ್ರಾ?"

"ಈಗೂ ಅಷ್ಟ ಐತ್ರಿ."

"ನಂಗೂ... ಆದ್ರೆ ಹೋಗ್ಬೇಡಿ ಅಂತ ನಾನ್ ಹೇಳಲ್ಲ."

"ಹೇಳಬ್ಯಾಡ್ರಿ. ಹೇಳಿದ್ರ ನಿಂತುಬಿಡ್ತೇನಿ."

ಅವಳು ಹೇಳಲಿಲ್ಲ. ಅವನು ಎದ್ದು ಹೋದ.

ಊರಿಗೆ ಹೋಗಿ ಅವನು ತಾಯಿಗೆ ಏನು ಹೇಳಿದ, ಆ ಮದುವೆ ನಡೆಯಿತೇ, ನನಗೆ ತಿಳಿದಿಲ್ಲ. ನಂದಿತಾಗೂ ತಿಳಿದಿಲ್ಲ.